ಟಕ್ ಅನ್ನೋ ತನಕ

ದುಧನಿ ಠೇಶನ್ ರೋಡಿನಾಗ
ಮೇ ತಿಂಗಳ ಹನ್ನೊಂದು ಗಂಟಿ.
ಡಾಂಬರು ಚಪ್ಪಲಿ ಹಿಡಕೊಂಡು ಬಿಡವಲ್ದು.
ಕಸ್ತೂರಬಾಯಿ ಅಂತಾಳ:
"ಲಾಡ್ಲೇಸಾಬ, ನನ್ನ ಫ್ರಿಜ್ಜಿಗೆ ಥಂಡಿ ಹೆಚ್ಚಾಗ್ಯದ."

ನಗು ಬಂತು. ಈ ಊರಾಗ, ಈ ಝಳದಾಗ
ಇಂಥ ತಕರಾರು ಯಾರೂ ತಂದಿಲ್ಲ.
ಥಂಡ ಆಗವಲ್ದು ಅಂತ ಅಳೋರು ಹತ್ತು ಮಂದಿ
ನನ್ನ ಫೋನಿನಾಗ ಕಾಯಲಕತ್ತಾರ.

"ನಗಬ್ಯಾಡ," ಅಂದಳು. ಬಾಗಿಲು ತೆಗದಳು.
ಲಿಂಬು ಸೋಡಾ ಏಳು ಬಾಟ್ಲಿ ಒಡದು
ಗಾಜು ಯಾವುದು ಬರ್ಫ ಯಾವುದು ತಿಳಿವಲ್ದು.
ಮಠ್ಠಾದ ಪಾಕೀಟು ಇಟ್ಟಂಗಿ ಆಗ್ಯಾವ.
ನಿನ್ನೆ ಮಾರ್ಕೆಟ್ ಯಾರ್ಡಿನ ಹಮಾಲ ಒಬ್ಬ
ತೊಗರಿ ಚೀಲ ಇಳಿಸಿ ಬಂದು
ಬಾಟ್ಲಿ ಬಾಯಿಗೆ ಬೋರಲು ಹಿಡದನಂತ,
ಒಂದು ಹನಿ ಬೀಳಲಿಲ್ಲ.
ಅದನ್ನೇ ತಲಿಮ್ಯಾಲ ಇಟ್ಕೊಂಡು
ಅರ್ಧಾ ತಾಸು ಕುಂತು
ರೊಕ್ಕ ಕೊಟ್ಟೇ ಎದ್ದು ಹ್ವಾದನಂತ.

ಮೊದಲು ಗುಂಡಿ ನೋಡಿದೆ. ಒಂದಕ್ಕ ಅದ.
"ನಾನೇ ತಿರುವಿ ತಿರುವಿ ಅಲ್ಲಿಗೆ ತಂದೀನಿ,
ಕೇಳವಲ್ದು ಅದು."
ಹತ್ತರ ನೋಟು ಬಾಗಿಲಿಗೆ ಕಚ್ಚಿಸಿ ಎಳದೆ.
ರಬ್ಬರ್ ಬಿಗಿ ಅದ, ಸಾಹುಕಾರನ ಮುಷ್ಟಿಯಂಗ.
ಒಳಗಿನ ಫ್ಯಾನು ತಿರಗ್ಲಕತ್ತದ.
ರಿಲೇ ಬಿಚ್ಚಿ ಕಿವಿ ಹತ್ತಿರ ಅಲುಗಿಸಿದೆ. ಸುಮ್ಮ.
ಕಂಪ್ರೆಸರ್ ಮೈಮ್ಯಾಲ ಕೈ ಇಟ್ಟೆ,
ಚುರ್ ಅಂತು.
ಮೂರು ದಿನ ಆತು, ಉಸುರು ಬಿಡಲಾರದ
ಓಡೇ ಓಡಲಕತ್ತದ ಬಡಪಾಯಿ,
ಯಾರೂ ಅದಕ್ಕ ಸಾಕು ಅಂದಿಲ್ಲ.

ಸಾಕು ಅನ್ನಬೇಕಾದದ್ದು ಒಂದು ತಾಮ್ರದ ನಳಿಗಿ.
ಬೀಡಿಯಷ್ಟು ದಪ್ಪ, ಬೀಡಿಯಷ್ಟೇ ಉದ್ದ.
ಬರ್ಫದ ತಗಡಿಗೆ ಕೆನ್ನಿ ಹಚ್ಚಿ ಕುಂದ್ರಬೇಕು ಅದು.
ಥಂಡಿ ತಾಗಿದ ಕೂಡ್ಲೆ ಒಳಗಿನ ಗ್ಯಾಸು ಕುಗ್ಗಿ
ಟಕ್ ಅಂತ ಕರೆಂಟು ಕಡೀಬೇಕು.
ಟಾರ್ಚ್ ಹಿಡಿದು ಹುಡುಕಿದೆ. ಜಾಗಾದಾಗ ಇಲ್ಲ.
ಸುರುಳಿ ಬಿಚ್ಚಿ ಮ್ಯಾಲಕ್ಕ ಎದ್ದು
ಟ್ಯೂಬ್‌ಲೈಟಿನ ಚೋಕಿಗೆ
ಬೆನ್ನು ಕಾಸಿಗೋತ ಮಲಗ್ಯದ!
ಅಲ್ಲಿಂದಲೇ ಹೇಳ್ಲಕತ್ತದ ಕೆಳಗ:
ಇನ್ನಾ ಬಿಸಿ ಅದ, ಇನ್ನಾ ಬಿಸಿ ಅದ, ಓಡು.
ಸುಳ್ಳೇನಲ್ಲ ಮತ್ತ. ಅದರ ಮೈಗೆ ಬಿಸಿನೇ.
ಬಾಟ್ಲಿ ಒಡದದ್ದು ಅದಕ್ಕ ಯಾರು ಹೇಳಬೇಕು?

ಕಸ್ತೂರಬಾಯಿಗೆ ತೋರಿಸಿ ನಗಬೇಕಂತ ಬಾಯಿ ತೆಗದೆ.
ಆಗ ಕಂಡಿತು, ತಗಡಿಗೆ ಜೋತಬಿದ್ದ ದಾರ.
ನೀಲಿ ದಾರ. ಎರಡು ಸುತ್ತು, ಒಂದು ಕುಣಿಕಿ.
ಸೊಲ್ಲಾಪುರದ ಮಿಲ್ಲಿನಾಗ ಎಳಿ ಹರಿದರ
ಅಪ್ಪ ಹಾಕ್ತಿದ್ದ ಗಂಟು.
ಈ ಊರಾಗ ಮತ್ಯಾರಿಗೂ ಬರಂಗಿಲ್ಲ.

ಹ್ವಾದ ಬ್ಯಾಸಗ್ಯಾಗ ಕ್ಲಿಪ್ ಮುರದಿತ್ತು.
ಹನ್ನೆರಡು ರೂಪಾಯಿದು, ಸೊಲ್ಲಾಪುರಕ್ಕೇ ಹೋಗಬೇಕು,
ಸದ್ಯಕ್ಕ ಇರಲಿ ಅಂತ ದಾರ ಬಿಗದಿದ್ದೆ.
ಬಿಲ್ಲಿನಾಗ ಮಾತ್ರ
ಕ್ಲಿಪ್ ಅಂತ ಬರದಿದ್ದೆ.

"ಏನಾಗಿತ್ತೋ?"
"ನಳಿಗಿ ಜಾರಿತ್ತು." ಅಷ್ಟು ಖರೇ.
ಚೀಲದಾಗಿನ ಹೊಸ ಕ್ಲಿಪ್ ಒತ್ತಿ ಕುಂದ್ರಿಸಿದೆ.
ಹಳೇ ದಾರ ಮುಷ್ಟಿಯಾಗ ಮುಚ್ಚಿದೆ,
ತೊಯ್ದು ಥಂಡ ಆಗಿತ್ತು.

ಬಾಗಿಲು ಹಾಕಿ ಇಬ್ಬರೂ ಕಾದಿವಿ.
ಮ್ಯಾಲೆ ಮರಾಠಿ ಬೋರ್ಡು, ಕೆಳಗ ಕನ್ನಡದ ಉದ್ರಿ ವಹಿ,
ಫ್ಯಾನಿನ ಗಾಳಿಗೆ ಹಾಳಿ ತಾವೇ ತಿರುವಿಕೋತಿದ್ದವು.
ಗಾಡಿ ಒಂದು ಬಂತು, ಹೋತು.
ಗಿರಾಕಿ ಒಬ್ಬ ಬಂದ, ತಡಿ ಅಂದಿವಿ.

ಟಕ್.

ಮೂರು ದಿನದಿಂದ ಅಂಗಡ್ಯಾಗ
ಗುಂಯ್ ಅನ್ನೋದೊಂದು ಇತ್ತು ಅಂತ
ಅದು ನಿಂತ ಮ್ಯಾಲೆ ಗೊತ್ತಾತು.

"ಎಷ್ಟು ಕೊಡ್ಲಿ?"
ವಹಿ ಆಕಿ ಕಡಿ ನೂಕಿದೆ.
"ಬರ್ಕೋ. ಲಾಡ್ಲೇಸಾಬ, ಏಳು ಸೋಡಾ, ಉದ್ರಿ."
ಆಕಿ ಪೆನ್ನಿನ ಟೋಪಿ ತೆಗದಳು.
ನನ್ನ ಮುಚ್ಚಿದ ಮುಷ್ಟಿ ನೋಡಿದಳು.
"ಎಂಟು," ಅಂದಳು.
"ಹಮಾಲಂದು ಬಿಟ್ಟಿ."